ತಕ್ಕಡಿ ಹತ್ತದವನ ತೂಕ

ಉಂಗುರ ಜಪ್ಪಯ್ಯ ಅಂದರೂ ಬರಲಿಲ್ಲ.

ನರ್ಸ್ ಮೊದಲು ಸೋಪು ಹಚ್ಚಿ ನೋಡಿದಳು. ಆಮೇಲೆ ದಾರ ಸುತ್ತಿ ತಿರುವಿದಳು. ಕೊನೆಗೆ ಪುಟ್ಟದೊಂದು ಇಕ್ಕಳ ತಂದು, "ಅಕ್ಕಾ, ಕತ್ತರಿಸಲೇಬೇಕು. ಬೆರಳು ನೀಲಿಗಟ್ತಾ ಇದೆ" ಅಂದಳು.

ಅಕ್ಕ ತಲೆಯಾಡಿಸಿದಳು. ತಮ್ಮ ಮೊದಲ ಸಲ ದೊಡ್ಡ ಓಟ ಗೆದ್ದಾಗ ಅವಳೇ ತೊಡಿಸಿದ ಉಂಗುರ ಅದು. ಯಾವಾಗಲೂ ಸಡಿಲ. ಓಡುವಾಗ ಬಿದ್ದುಹೋದೀತು ಅಂತ ಒಳಗಡೆ ನೂಲು ಸುತ್ತಿಕೊಂಡಿದ್ದ. ಟಕ್ ಎಂದು ಸದ್ದಾಗಿ ಉಂಗುರ ಎರಡು ತುಂಡಾಯಿತು. ಅದಿದ್ದ ಜಾಗದಲ್ಲಿ ಚರ್ಮ ಆಳಕ್ಕೆ ಇಳಿದಿತ್ತು.

ಊರೆಲ್ಲ ಚಿಗರೆ ಎಂದು ಕರೆಯುವ ಓಟಗಾರ ಅವನು. ಬೆಳಗ್ಗೆ ಆರಕ್ಕೆ ಮೂವತ್ತು ಕಿಲೋಮೀಟರಿನ ಪರೀಕ್ಷಾ ಓಟಕ್ಕೆ ಹೊರಟವನು ಇಪ್ಪತ್ತೆಂಟನೆಯದರಲ್ಲಿ ಕುಸಿದು ಬಿದ್ದು, ಕೈಕಾಲು ಬಡಿದು, ಈಗ ಗಂಟೆ ಹತ್ತೂಕಾಲಾದರೂ ಪ್ರಜ್ಞೆಯಿಲ್ಲದೆ ಮಲಗಿದ್ದ. ಬಿಸಿಲಿಗೆ ಮೈಯ ನೀರು ಬತ್ತಿದೆ ಅಂತ ಎಲ್ಲರದೂ ಒಂದೇ ಮಾತು.

ಅಕ್ಕನಿಗೆ ಆ ಮಾತು ಗಂಟಲಿನಿಂದ ಕೆಳಗಿಳಿಯಲಿಲ್ಲ. ನೀರು ಬತ್ತಿದವನ ಬೆರಳು ಸೊರಗಬೇಕು. ಇವನದು ಯಾಕೆ ಊದಿದೆ?

ಹದಿನಾರು ವರ್ಷ ಪೊಲೀಸ್ ಇಲಾಖೆಯಲ್ಲಿ ಕಳ್ಳಕಾಕರ ಬೆನ್ನು ಹತ್ತಿ, ಈಗ ಸ್ವಂತ ಪತ್ತೇದಾರಿ ಕಚೇರಿ ಇಟ್ಟುಕೊಂಡವಳು ಅವಳು. ಸಿಪಾಯಿಗಳು ಅಕ್ಕ ಅನ್ನುತ್ತಿದ್ದರು, ವಕೀಲರು ಅಕ್ಕ ಅನ್ನುತ್ತಿದ್ದರು, ಕೋಳ ಹಾಕಿಸಿಕೊಳ್ಳುವಾಗ ಕಳ್ಳರೂ "ಸ್ವಲ್ಪ ಸಡಿಲ ಮಾಡಿ ಅಕ್ಕಾ" ಅನ್ನುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕಿದ್ದವನು ಒಬ್ಬನೇ, ಅವನು ಈಗ ತುಟಿ ಅಲ್ಲಾಡಿಸುತ್ತಿರಲಿಲ್ಲ.

ಡಾಕ್ಟರ್ ರಕ್ತದ ವರದಿ ಹಿಡಿದುಕೊಂಡು ಬಂದರು. ಐವತ್ತರ ಆಸುಪಾಸಿನ, ಮಾತು ನುಂಗದ ಹೆಂಗಸು.

"ನಿಮ್ಮ ತಮ್ಮನಿಗೆ ನೀರು ಕಡಿಮೆಯಾಗಿಲ್ಲ. ಜಾಸ್ತಿಯಾಗಿದೆ. ರಕ್ತದಲ್ಲಿ ಉಪ್ಪು ನೂರ ನಲವತ್ತರ ಹತ್ತಿರ ಇರಬೇಕು, ನೂರ ಹದಿನಾಲ್ಕಕ್ಕೆ ಇಳಿದಿದೆ. ಮಿದುಳು ಊದಿಕೊಂಡಿದೆ."

"ಅವನು ಬರೀ ನೀರು ಕುಡಿಯೋನಲ್ಲ ಡಾಕ್ಟರೇ. ಓಟ ಕಲಿಸೋ ಮಾಸ್ತರು ಪುಡಿ ಕಲಸಿ ಕೊಡ್ತಾರೆ. ಉಪ್ಪು, ಸಕ್ಕರೆ ಎಲ್ಲ ಇರೋದು."

"ಎಲ್ಲರೂ ಜಾರಿ ಬೀಳೋದು ಅಲ್ಲೇ. ಅಂಥ ಪಾನೀಯದಲ್ಲಿರೋ ಉಪ್ಪು ರಕ್ತದಲ್ಲಿರೋದರ ಏಳನೇ ಒಂದು ಪಾಲೂ ಇರಲ್ಲ. ಬಿಸಿಲಲ್ಲಿ ಎರಡು ಗಂಟೆ ಓಡೋನು ಒಂದೆರಡು ಬಾಟಲಿ ಕುಡಿದ್ರೆ ಒಳ್ಳೇದೇ, ನಾನೇ ಕುಡೀರಿ ಅಂತೀನಿ. ಬಾಯಾರಿಕೆ ಮೀರಿ ಸುರ್ಕೊಂಡ್ರೆ ಮಾತ್ರ ಮೈಗೆ ಅದೂ ನೀರೇ. ಬಣ್ಣದ ನೀರು."

ಅವರು ಜೇಬಿನಿಂದ ಗಟ್ಟಿ ಕಾಗದದ ಚೀಟಿಯೊಂದನ್ನು ತೆಗೆದರು. "ಆಂಬುಲೆನ್ಸ್ ಬೆನ್ನಿಗೇ ಯಾರೋ ಇದನ್ನ ತಂದುಕೊಟ್ರು. ಓಟಕ್ಕೆ ಮುಂಚೆ ತೂಕ ಐವತ್ತೆಂಟು ಪಾಯಿಂಟ್ ನಾಲ್ಕು ಕಿಲೋ, ಆಮೇಲೆ ಐವತ್ತಾರು ಪಾಯಿಂಟ್ ಎರಡು. ಇದನ್ನ ನಂಬಿ ನಮ್ಮವರು ಒಂದು ಲೀಟರ್ ಸಲೈನ್ ಏರಿಸಿದ್ರು. ಈಗ ಹಾಸಿಗೆ ಸಮೇತ ತೂಗಿ ಹಾಸಿಗೆಯದು ಕಳೆದಿದ್ದೀವಿ. ಅರವತ್ತು ಪಾಯಿಂಟ್ ಒಂಬತ್ತು ಇದಾರೆ. ನಮ್ಮ ಒಂದು ಲೀಟರ್ ಕಳೆದ್ರೂ ಓಡಿ ತೂಕ ಏರಿಸ್ಕೊಂಡು ಬಂದ ಹಾಗಾಯ್ತು."

"ಈಗೇನು ಮಾಡೋದು?"

"ಗಟ್ಟಿ ಉಪ್ಪುನೀರು ಒಂದು ಸಲ ಕೊಟ್ಟಿದ್ದೀವಿ, ಫಿಟ್ಸ್ ನಿಂತಿದೆ. ಮುಂದಿನದು ನಿಮ್ಮ ಕೈಲಿದೆ. ಈ ಉಪ್ಪು ಇವತ್ತು ಬೆಳಗ್ಗೆ ಒಂದೇ ಸಲಕ್ಕೆ ಇಳೀತೋ, ನಾಲ್ಕಾರು ದಿನದಿಂದ ಇಳೀತಾ ಬಂತೋ, ನನಗೆ ಗೊತ್ತಾಗಬೇಕು. ಇವತ್ತಿನದಾದ್ರೆ ಬೇಗ ಏರಿಸಬೇಕು, ತಡ ಮಾಡಿದ್ರೆ ಜೀವಕ್ಕೇ ಕುತ್ತು. ದಿನಗಟ್ಟಲೆಯದಾದ್ರೆ ಮಿದುಳು ಕಡಿಮೆ ಉಪ್ಪಿಗೆ ಒಗ್ಗಿಬಿಟ್ಟಿರುತ್ತೆ. ಆಗ ಅವಸರ ಮಾಡಿದ್ರೆ ಮೊದಲು ಚೆನ್ನಾಗೇ ಎದ್ದು ಕೂತು ಮಾತಾಡ್ತಾರೆ. ಎರಡು ಮೂರು ದಿನ ಬಿಟ್ಟು ನಾಲಿಗೆ ತೊದಲುತ್ತೆ, ನುಂಗೋಕಾಗಲ್ಲ, ಕೈಕಾಲು ಹೋಗುತ್ತೆ. ಹೋದದ್ದು ತಿರುಗಿ ಬರೋದು ಕಷ್ಟ."

"ಎಷ್ಟು ಹೊತ್ತು ಕೊಡ್ತೀರಿ?"

"ಒಂದು ಗಂಟೆ. ಆಮೇಲೆ ನಾನು ಊಹೆ ಮೇಲೆ ಹೋಗಬೇಕು. ಆ ಪುಡಿಯ ಡಬ್ಬಿ ಸಿಕ್ಕಿದ್ರೆ ಅದನ್ನೂ ತನ್ನಿ."

ಮಾಸ್ತರ ಫೋನು ಬೆಳಗ್ಗಿನಿಂದ ಬಂದ್ ಆಗಿತ್ತು. ಜೊತೆಯ ಓಟಗಾರರೆಲ್ಲ ಹತ್ತು ದಿನದ ಹಿಂದೆಯೇ ಹೊರ ಊರಿನ ಪಂದ್ಯಕ್ಕೆ ಹೋಗಿದ್ದರು. ಮಾಸ್ತರ ತರಬೇತಿ ಶಿಬಿರದಲ್ಲಿ ಉಳಿದದ್ದು ಚಿಗರೆ ಒಬ್ಬನೇ. ಅಕ್ಕ ಚೀಟಿ ಕಿತ್ತುಕೊಂಡವಳಂತೆ ತೆಗೆದುಕೊಂಡು ಕಾರು ಹತ್ತಿದಳು.

ಮೊದಲ ಸಿಗ್ನಲ್ಲಿನಲ್ಲಿ ಚೀಟಿ ಬಿಡಿಸಿ ನೋಡಿದಳು. ನೇರಳೆ ಪೆನ್ಸಿಲಿನ ಬರಹ. ಮಾಸ್ತರ ಆ ಕೈಬರಹ ಅವಳಿಗೆ ಅಪ್ಪನ ಮುಖಕ್ಕಿಂತ ಚೆನ್ನಾಗಿ ನೆನಪಿದೆ. ಅಪ್ಪ ಅಮ್ಮ ಒಂದೇ ಅಪಘಾತದಲ್ಲಿ ಹೋದ ಮೇಲೆ ಹದಿಮೂರರ ಹುಡುಗಿಯನ್ನೂ ನಾಲ್ಕರ ಮಗುವನ್ನೂ ಸಾಕಿ ದೊಡ್ಡವರನ್ನು ಮಾಡಿದವರು ಮಾಸ್ತರು. ಅವಳ ಮಂಡಿ ಕೈಕೊಡುವವರೆಗೂ ಅವಳನ್ನೂ ಓಡಿಸಿದರು.

ಮಾಸ್ತರ ಕೊಠಡಿಯಲ್ಲಿ ಒಂದು ಕಟ್ಟಳೆ. ಓಡುವ ಮುಂಚೆ ಬರಿಗಾಲಲ್ಲಿ ಕಬ್ಬಿಣದ ತಕ್ಕಡಿ ಹತ್ತಬೇಕು, ಓಡಿ ಬಂದು ಮತ್ತೆ ಹತ್ತಬೇಕು. ಅಂಕೆಯನ್ನು ಹತ್ತಿದವರೇ ಗಟ್ಟಿಯಾಗಿ ಕೂಗಬೇಕು, ಆಮೇಲಷ್ಟೇ ಮಾಸ್ತರು ಬರೆಯುವುದು. ಕೂಗಿದ ಅಂಕೆಗೆ ಕೊಠಡಿಯಲ್ಲಿ ಇದ್ದವರೆಲ್ಲ ಸಾಕ್ಷಿ. ಇಳಿದ ತೂಕ ನೋಡಿ ಎಷ್ಟು ಕುಡಿಯಬೇಕು ಅಂತ ಅವರು ಲೆಕ್ಕ ಹೇಳುತ್ತಿದ್ದರು.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರನ್ ಬಡಿದರು. ಅಕ್ಕ ಮಾತ್ರ ಕದಲಲಿಲ್ಲ.

ಚಿಗರೆ ಬಿದ್ದದ್ದು ಇಪ್ಪತ್ತೆಂಟನೆಯ ಕಿಲೋಮೀಟರಿನಲ್ಲಿ. ಅಲ್ಲಿಂದಲೇ ಆಂಬುಲೆನ್ಸ್ ಎತ್ತಿಕೊಂಡು ಹೋಯಿತು. ಅವನು ಕೊಠಡಿಗೆ ವಾಪಸ್ ಬಂದೇ ಇಲ್ಲ.

ಹಾಗಾದರೆ ಈ ಎರಡನೆಯ ಅಂಕೆ ಕೂಗಿದವರು ಯಾರು?

ಮೈದಾನದ ಬಾಗಿಲಲ್ಲಿ ಬೆಳಗಿನ ನಡಿಗೆಯ ದೊಡ್ಡ ಮನುಷ್ಯರು ಇನ್ನೂ ಹರಟುತ್ತಿದ್ದರು. ಇಪ್ಪತ್ತು ನಿಮಿಷ ಕೈ ಬೀಸಿ ನಡೆದು, ಒಬ್ಬೊಬ್ಬರೂ ಅಂಗಡಿಯ ಶಕ್ತಿಪಾನೀಯದ ಒಂದೊಂದು ನೀಲಿ ಬಾಟಲಿ ಗಟಗಟ ಇಳಿಸುವ ಗುಂಪು. ಮಾಸ್ತರು ಇವರನ್ನು ಬಿಡದೆ ಕಾಡುತ್ತಿದ್ದರು. "ಕರಗಿಸಿದ್ದು ಒಂದು ಚಮಚ, ಕುಡಿದದ್ದು ಏಳು ಚಮಚ ಸಕ್ಕರೆ. ಹೀಗೆ ಕುಡಿದ್ರೆ ಹೊಟ್ಟೆ ಕರಗಲ್ಲ ಸ್ವಾಮಿ, ಮನೆಗೆ ಹೋಗಿ ಒಂದು ಲೋಟ ನೀರು ಕುಡೀರಿ" ಅನ್ನುತ್ತಿದ್ದರು. ಯಾರಿಗೆ ಬೇಕು, ಯಾರಿಗೆ ಬೇಡ, ಎಷ್ಟು ಬೇಕು ಅಂತ ಅವರಷ್ಟು ತಿಳಿದವರು ಊರಲ್ಲೇ ಇರಲಿಲ್ಲ. ಅಕ್ಕ ಗುಂಪನ್ನು ದಾಟಿ ಒಳಗೆ ನಡೆದಳು.

ನಲ್ಲಿಯ ಕೆಳಗೆ ಎಣ್ಣೆಮಾಮ ಕುಕ್ಕರಗಾಲಲ್ಲಿ ಕೂತು ಬಾಟಲಿ ತೊಳೆಯುತ್ತಿದ್ದ. ಭಾನುವಾರ ಭಾನುವಾರ ಬಂದು ಓಟಗಾರರ ಕಾಲಿಗೆ ಎಣ್ಣೆ ತೀಡುವ ಮುದುಕ. ಉದ್ದ ಓಟವಿದ್ದರೆ ಸೈಕಲ್ಲಿನಲ್ಲಿ ಪಕ್ಕದಲ್ಲೇ ಹೋಗಿ ಬಾಟಲಿ ಕೊಡುವವನೂ ಅವನೇ. ಡಾಕ್ಟರ ಮಾತು ಕೇಳಿದಾಗಿನಿಂದ ಅಕ್ಕನ ಅನುಮಾನದ ಪಟ್ಟಿಯಲ್ಲಿ ಮೊದಲು ನಿಂತವನೂ ಅವನೇ.

"ಮಾಮ, ಕೈ ತೆಗಿ. ತೊಳೀಬೇಡ."

ಅವನು ಬೆಚ್ಚಿಬಿದ್ದ. "ಮಾಸ್ತರು ತೊಳೆದಿಡು ಅಂದ್ರು ಕಣವ್ವಾ."

"ಎಷ್ಟು ಬಾಟಲಿ ಕುಡಿಸಿದೆ?"

"ಏಳು."

"ಅರ್ಧರ್ಧ ಲೀಟರಿಂದು ಏಳಾ? ಎರಡು ಗಂಟೇಲಿ?"

ಮಾಮ ಬಾಟಲಿ ಕೆಳಗಿಟ್ಟ. "ಸಾಕು ಮಾಮ, ಹೊಟ್ಟೆ ಗುಳುಗುಳು ಅಂತಿದೆ, ತಲೆ ಸಿಡೀತಿದೆ ಅಂದ ಹುಡುಗ. ನಾಕು ಕಿಲೋಮೀಟರಿಗೊಂದು ಖಾಲಿ ಮಾಡಿಸಲೇಬೇಕು ಅಂತ ಮಾಸ್ತರ ಅಪ್ಪಣೆ. ಕುಡೀ ಮರೀ ಅಂತ ನಾನೇ ಬಾಯಿಗೆ ಹಿಡಿದೆ. ಈ ಕೈಯಿಂದ್ಲೇ ಹಿಡಿದೆ."

"ಇವತ್ತೊಂದೇ ದಿನವಾ? ಮುಂಚೆಯೂ ಹೀಗೆ ಕುಡಿಸ್ತಿದ್ರಾ?"

"ನಾನು ಬರೋದೇ ಭಾನುವಾರ. ನಡುವೆ ಏನು ನಡೀತೋ ನನ್ನನ್ನ ಕೇಳಬೇಡ." ಅವನು ಒದ್ದೆ ಕೈಯಿಂದಲೇ ಮುಖ ಮುಚ್ಚಿಕೊಂಡು ಅಳಲಿಕ್ಕೆ ಶುರುಮಾಡಿದ.

ಗಂಟೆ ಹತ್ತೂಮುಕ್ಕಾಲು. ಅಕ್ಕ ಅವನನ್ನು ಅಲ್ಲೇ ಬಿಟ್ಟು ಗ್ಯಾಲರಿಯ ಮೆಟ್ಟಿಲ ಕೆಳಗಿನ ಕೊಠಡಿಗೆ ನುಗ್ಗಿದಳು.

ಮಾಸ್ತರು ಮೇಜಿನ ಮುಂದೆ ಕೈಕಟ್ಟಿ ಕೂತಿದ್ದರು. ಎದುರಿಗೆ ತಕ್ಕಡಿ, ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ಚೀಟಿಗಳ ಸಾಲು. ಒಂದು ಮೊಳೆ ಖಾಲಿಯಿತ್ತು.

"ಹೇಗಿದಾನೆ ಮಗಳೇ?"

"ಹೇಗಿರಬೇಕು ಅಂತ ನೀವೇ ಬರೆದು ಕಳಿಸಿದ್ದೀರಲ್ಲ." ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. "ಐವತ್ತಾರು ಪಾಯಿಂಟ್ ಎರಡು. ಕೂಗಿದವರು ಯಾರು ಮಾಸ್ತರೇ?"

ಅವರು ಚೀಟಿಯ ಕಡೆ ನೋಡಲೇ ಇಲ್ಲ. "ಅಂದಾಜು. ಅಷ್ಟು ದೂರ ಓಡಿದವನು ಎರಡು ಕಿಲೋ ಇಳಿದೇ ಇಳೀತಾನೆ. ಅಂದಾಜಿನ ಮೇಲೆ ಬರೆದೆ."

"ಹದಿಮೂರು ವರ್ಷದವಳಿದ್ದಾಗ ನಾನು ಅಂಕೆ ಕೂಗೋದು ಮರೆತೆ. ಸುಸ್ತಾಗಿ ಗೋಡೆಗೆ ಒರಗಿದ್ದವಳನ್ನ ಎಬ್ಬಿಸಿ ಮತ್ತೆ ತಕ್ಕಡಿ ಹತ್ತಿಸಿದ್ರಿ. ಅವತ್ತು ಯಾಕೆ ಬರಲಿಲ್ಲ ಈ ಅಂದಾಜು?"

ಮಾಸ್ತರು ಚೀಟಿಯನ್ನು ಬೆರಳಿನಿಂದ ಅವಳ ಕಡೆಗೇ ತಳ್ಳಿದರು.

"ಅವನ ಬೆರಳು ಊದಿ ಉಂಗುರ ಕತ್ತರಿಸಿದ್ರು. ಊದಿದವನನ್ನ ಒಣಗಿದವನು ಅಂತ ಬರೆದು ಕಳಿಸಿದ್ರಿ. ಅವರು ಅದನ್ನ ನಂಬಿ ಇನ್ನೂ ನೀರು ತುಂಬಿದ್ರು. ಮಾಸ್ತರೇ, ಗೊತ್ತಿಲ್ಲದವರು ಮಾಡಿದ್ರೆ ತಪ್ಪು ಅಂತಿದ್ದೆ. ನಿಮಗೆ ಗೊತ್ತಿತ್ತು."

"ಸಲೈನಿಗೇ ಏಳ್ತಾನೆ ಅನ್ಕೊಂಡೆ." ಧ್ವನಿ ಪಿಸುಗುಟ್ಟಿದ ಹಾಗಿತ್ತು. "ಬಿಸಿಲಿಗೆ ಬಿದ್ದ ಅಂದ್ರೆ ಯಾರೂ ಏನೂ ಕೇಳಲ್ಲ. ನೀರು ಹೆಚ್ಚು ಕುಡಿದು ಬಿದ್ದ ಅಂದ್ರೆ ಅದರಲ್ಲಿ ಯಾವ ಪುಡಿ ಅಂತ ಕೇಳ್ತಾರೆ."

ಮಾತು ಕೊನೆಗೆ ಪುಡಿಗೆ ಬಂತು. ಅಕ್ಕ ಎದುರಿನ ಕುರ್ಚಿ ಎಳೆದು ಕೂತಳು. ಬೈಯುವುದು, ಅಳುವುದು ಯಾವುದಕ್ಕೂ ಈಗ ಬಿಡುವಿರಲಿಲ್ಲ.

"ಒಂದೇ ಪ್ರಶ್ನೆ. ಇದಕ್ಕೆ ಮಾತ್ರ ನಿಜ ಹೇಳಿ, ಉಳಿದದ್ದಕ್ಕೆಲ್ಲ ಆಮೇಲೆ ಬೇಕಾದಷ್ಟು ಸುಳ್ಳು ಹೇಳಿಕೊಳ್ಳಿ. ಹೀಗೆ ಸುರಿದದ್ದು ಇವತ್ತು ಮಾತ್ರವಾ? ಮುಂಚಿನ ದಿನಗಳಲ್ಲೂ ಇತ್ತಾ? ಇದರ ಮೇಲೆ ಅವನ ಕೈಕಾಲು, ಮಾತು ನಿಂತಿದೆ. ಡಾಕ್ಟರು ಕಾಯ್ತಿದ್ದಾರೆ."

ಮಾಸ್ತರು ಮೊದಲ ಸಲ ತಲೆ ಎತ್ತಿದರು. ಕಣ್ಣು ಕೆಂಪಾಗಿತ್ತು.

"ಇವತ್ತೊಂದೇ ದಿನ ಮಗಳೇ. ಅವನಾಣೆ."

ಪೊಲೀಸ್ ಇಲಾಖೆಯಲ್ಲಿ ಅವಳು ಕೇಳಿದ ಆಣೆಗಳಿಗೆ ಲೆಕ್ಕವಿಲ್ಲ. ಒಂದನ್ನೂ ನಂಬಿದವಳಲ್ಲ. ಇದನ್ನು ನಂಬಿದಳು. ನಾಲ್ಕು ವರ್ಷದ ಚಿಗರೆ ಜ್ವರ ಬಂದು ನರಳಿದಾಗ ಮೂರು ರಾತ್ರಿ ಎದೆಯ ಮೇಲೆ ಮಲಗಿಸಿಕೊಂಡಿದ್ದ ಮನುಷ್ಯ ಅವನ ಮೇಲೆಯೇ ಆಣೆ ಇಟ್ಟಿದ್ದ. ನಂಬದೆ ಇನ್ನೇನು ಮಾಡಬೇಕಿತ್ತು?

ಅಲ್ಲಿಂದಲೇ ಫೋನು ಹಚ್ಚಿದಳು. "ಡಾಕ್ಟರೇ, ಇವತ್ತು ಮಾತ್ರ. ಎರಡು ಗಂಟೇಲಿ ಮೂರೂವರೆ ಲೀಟರ್."

"ಖಂಡಿತ ತಾನೇ?"

"ಸಾಕಿದವರ ಬಾಯಿಂದಲೇ ಬಂದದ್ದು."

"ಸರಿ, ಶುರು ಮಾಡ್ತೀವಿ."

ಫೋನು ಕೆಳಗಿಟ್ಟಳು. ಕೂಡಲೇ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಹೀಗೆ ಮಾಡಿದಿರಿ ಅಂತ ಕೇಳದೆ ಹೋಗಲು ಕಾಲೇಳಲಿಲ್ಲ.

ಮಾಸ್ತರು ಹೇಳಿದರು. ಪುಡಿ ಅವರದೇ ಕೈಹದ. ದೊಡ್ಡ ಕಂಪನಿಯೊಂದು ಅದನ್ನು ಅವರ ಹೆಸರಿನಲ್ಲೇ ಅಂಗಡಿಗೆ ತರಲು ಮುಂದೆ ಬಂದಿತ್ತು. ಡಬ್ಬಿಯ ಮೇಲೆ ಅವರ ಮುಖ. ಒಂದೇ ಷರತ್ತು, ಎಷ್ಟು ಕುಡಿದರೂ ಏನೂ ಆಗುವುದಿಲ್ಲ ಅಂತ ಹೆಸರಾಂತ ಓಟಗಾರನೊಬ್ಬ ಓಡಿ ತೋರಿಸಬೇಕು.

"ಮೂವತ್ತು ವರ್ಷ ಓಡಿಸಿದೆ. ಓಡಿದವರಿಗೆಲ್ಲ ಪದಕ, ಮೆರವಣಿಗೆ. ಓಡಿಸಿದವನಿಗೆ ಈ ಮೆಟ್ಟಿಲ ಕೆಳಗಿನ ಗೂಡು. ಒಂದು ಸಲ, ಒಂದೇ ಒಂದು ಸಲ ನನ್ನ ಹೆಸರು ನಾಲ್ಕು ಜನ ಓದಲಿ ಅಂತ ಆಸೆ ಬಿತ್ತು. ತಪ್ಪಾ?"

ಅಕ್ಕನಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಗಡಿಯಾರ ನೋಡಿದಳು. ಮಾತಿನಲ್ಲಿ ಕಾಲು ಗಂಟೆ ಕಳೆದಿತ್ತು.

"ಪುಡಿಯ ಡಬ್ಬಿ ಎಲ್ಲಿ? ಡಾಕ್ಟರು ಕೇಳಿದ್ದಾರೆ."

"ನಾನೇ ತಂದುಕೊಡ್ತೀನಿ, ನೀನು ಹೊರಡು."

ಆ ಅವಸರ ಅವಳಿಗೆ ಸರಿ ಕಾಣಲಿಲ್ಲ. ಬೀರುವಿನ ಬಾಗಿಲು ತೆಗೆದಳು.

"ಮುಟ್ಟಬೇಡ ಅದನ್ನ!" ಕುರ್ಚಿ ಹಿಂದಕ್ಕೆ ಉರುಳಿತು. ಹದಿಮೂರನೆಯ ವಯಸ್ಸಿನಿಂದ ಇವತ್ತಿನವರೆಗೆ ಮಾಸ್ತರು ಅವಳ ಮೇಲೆ ಕಿರುಚಿದ್ದು ಅದೇ ಮೊದಲು.

ಬಿಳಿ ಡಬ್ಬಿಯ ಕೆಳಗೆ ಕಂಪನಿಯ ಕಾಗದವೊಂದು ಮಡಚದೆ ಇತ್ತು. ಮೇಲುಗಡೆ ದಪ್ಪಕ್ಷರದಲ್ಲಿ ಒಪ್ಪಿಗೆ ಪತ್ರ ಎಂದಿತ್ತು. ಅಕ್ಕ ನಿಂತಲ್ಲೇ ಓದಿದಳು.

ಪ್ರಯೋಗದ ಅವಧಿ ಆರು ದಿನ, ಮಂಗಳವಾರದಿಂದ ಭಾನುವಾರ. ದಿನಕ್ಕೆ ಎಂಟು ಲೀಟರ್. ಪುಡಿಯಲ್ಲಿರುವ ಉಪ್ಪೇ ಸಾಕೆಂದು ತೋರಿಸಲು ಊಟದಲ್ಲಿ ಉಪ್ಪು ಪೂರ್ತಿ ಬಂದ್. ಬದಿಯಲ್ಲಿ ನೇರಳೆ ಪೆನ್ಸಿಲಿನ ಟಿಪ್ಪಣಿ: ಗುರುವಾರ, ತಲೆನೋವು. ಶುಕ್ರವಾರ, ವಾಂತಿ. ಶನಿವಾರ, ಮಂಕು, ಹೆಜ್ಜೆ ತಪ್ಪುತ್ತಿದೆ.

ಆರು ದಿನ. ತಾನು ಡಾಕ್ಟರಿಗೆ ಹೇಳಿದ್ದು ಒಂದು ದಿನ.

"ಅವನಾಣೆ ಅಂದ್ರಲ್ಲ! ಅವನ ಮೇಲೆ ಆಣೆ ಇಟ್ರಲ್ಲ ಮಾಸ್ತರೇ!"

"ಒಂದು ದಿನ ಅಂದ್ರೆ ಅಚಾತುರ್ಯ," ಮಾಸ್ತರು ಗೋಡೆ ಹಿಡಿದುಕೊಂಡು ಹೇಳಿದರು. "ಆರು ದಿನ ಅಂದ್ರೆ ಜೈಲು."

ಅವಳ ಕೈ ಫೋನಿಗೆ ಹೋಯಿತು. ಹೋದ ಕೈ ಹಾಗೇ ನಿಂತಿತು. ಕಾಗದದ ಅಡಿಯಲ್ಲಿ, ಓಟಗಾರನ ರಕ್ತಸಂಬಂಧಿ ಎಂಬ ಸಾಲಿನ ಮುಂದೆ, ಒಂದು ಸಹಿ ಇತ್ತು.

ಅವಳದೇ ಸಹಿ. ನಕಲಿಯಲ್ಲ. ನಕಲಿ ಸಹಿ ಹಿಡಿದೇ ಅವಳು ಅರ್ಧ ಹೆಸರು ಗಳಿಸಿದ್ದು, ತನ್ನ ಸಹಿ ತನಗೆ ಗೊತ್ತಾಗದೆ ಇರುತ್ತದೆಯೇ.

ಹೋದ ಸೋಮವಾರ ಮಾಸ್ತರು ಕಚೇರಿಗೆ ಬಂದಿದ್ದರು. ಮೈದಾನದ ದೀಪ ರಿಪೇರಿಗೆ ಅರ್ಜಿ ಅಂತ ಒಂದು ಕಂತೆ ಕಾಗದ ಮುಂದಿಟ್ಟರು. ಇಲ್ಲಿ, ಇಲ್ಲಿ, ಇಲ್ಲಿ ಅಂತ ಬೆರಳಿಟ್ಟು ತೋರಿಸಿದರು. ಅವಳು ನಗುತ್ತಾ, ಫೋನಿನಲ್ಲಿ ಯಾರಿಗೋ ಮಾತಾಡುತ್ತಾ, ಬೆರಳಿದ್ದ ಕಡೆಯೆಲ್ಲ ಸಹಿ ಹಾಕಿದ್ದಳು. ಬೇರೆ ಯಾರೇ ತಂದಿದ್ದರೂ ಓದುತ್ತಿದ್ದಳು.

ಮಾಸ್ತರು ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ಈಗ ಧ್ವನಿ ಮೆತ್ತಗಾಗಿತ್ತು, ಹಳೆಯ ಮಾಸ್ತರ ಧ್ವನಿ.

"ಕೂಗಾಡಬೇಡ, ಸಮಾಧಾನವಾಗಿ ಯೋಚನೆ ಮಾಡು. ನನ್ನ ಹೆಸರು ಹೋದ್ರೆ ನಿನ್ನದೂ ಜೊತೆಗೇ ಹೋಗುತ್ತೆ, ಮಗಳೇ."

ಅವಳು ಅವರ ಮುಖ ನೋಡಲಿಲ್ಲ. ಆಸ್ಪತ್ರೆಗೆ ಹಚ್ಚಿದಳು. ಒಂದು ಸಲ ರಿಂಗಾಯಿತು, ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲಕ್ಕೆ ನರ್ಸ್ ಎತ್ತಿದಳು.

"ನಿಲ್ಲಿಸಿ! ಡಾಕ್ಟರಿಗೆ ಹೇಳು, ಏರಿಸೋದು ನಿಲ್ಲಿಸಿ! ಒಂದು ದಿನ ಅಲ್ಲ, ಆರು ದಿನ!"

"ಅಕ್ಕಾ, ನಿಮಗೇ ಮಾಡೋಣ ಅಂತಿದ್ದೆ!" ನರ್ಸ್ ಸಂಭ್ರಮದಲ್ಲಿ ಮಾತು ಕೇಳಿಸಿಕೊಂಡೇ ಇರಲಿಲ್ಲ. "ಕಣ್ಣು ಬಿಟ್ರು! ಎದ್ದು ಕೂತಿದಾರೆ, ಚೆನ್ನಾಗಿ ಮಾತಾಡ್ತಿದಾರೆ!"

ಅವಸರ ಮಾಡಿದರೆ ಮೊದಲು ಚೆನ್ನಾಗೇ ಎದ್ದು ಕೂತು ಮಾತಾಡ್ತಾರೆ ಅಂತ ಡಾಕ್ಟರು ಎಚ್ಚರಿಸಿದ್ದು ಅಕ್ಕನಿಗೆ ನೆನಪಾಯಿತು. "ಎಷ್ಟು ಹೋಗಿದೆ ಒಳಗೆ?"

"ಪೂರ್ತಿ ಹೋಯ್ತಕ್ಕ. ನೀವು ಹೇಳಿದ ತಕ್ಷಣ ಶುರು ಮಾಡಿದ್ರು. ನಿಮ್ಮ ತಮ್ಮ ಎಷ್ಟು ಧೈರ್ಯಸ್ಥರು ಗೊತ್ತಾ? ಅಷ್ಟೆಲ್ಲ ಕುಡಿಯೋಕೆ ಭಯ ಆಗಲಿಲ್ವಾ ಅಂತ ಕೇಳಿದೆ. ನಕ್ಕುಬಿಟ್ರು. ಅಕ್ಕನೇ ಓದಿ ಸಹಿ ಹಾಕಿದಾಳೆ, ನನಗ್ಯಾಕೆ ಭಯ ಅಂದ್ರು."